ಬೋರ್ಡಿನ ಕೆಳಗೆ

ಹಳೇ ಬಣ್ಣ ಕೆರೆಯದೆ ಹೊಸದು ಬಳಿದರೆ
ಎರಡು ಬಿಸಿಲಿಗೆ ಹಪ್ಪಳ: ಅಪ್ಪನ ಮಾತು.
ಅದಕ್ಕೇ ಬೆಳಗಿನಿಂದ ಕೆರೆಯುತ್ತ ಕೂತಿದ್ದೇನೆ
ದುರ್ಗದ ಗುಡ್ಡದ ಬುಡದಲ್ಲಿ, ಮಕ್ಕಳ ಮೃಗಾಲಯದಲ್ಲಿ,
ಬೆನ್ನಿಗೆ ಕಾದ ಬಂಡೆ, ತೊಡೆಯ ಮೇಲೆ ತಗಡು,
ಪಕ್ಕದಲ್ಲಿ ಟರ್ಪಂಟೈನ್ ಬಾಟಲಿ.
ಬೋರ್ಡಿಗೆ ನೂರಾ ಎಂಬತ್ತು. ಅಕ್ಷರ ತಪ್ಪಿದರೆ
ನನ್ನದೇ ಖರ್ಚು.

ನವಿಲನ್ನು ಕೆರೆದೆ, ಕೆಳಗೆ ಕತ್ತೆಕಿರುಬ.
ಕಿರುಬವನ್ನು ಕೆರೆದೆ, ಕೆಳಗೆ ಮೊಲ:
ಬಿಳಿ ಮೊಲ, ಎರಡು. ಎರಡನ್ನು ಹೊಡೆದುಹಾಕಿ ಒಂಬತ್ತು,
ಒಂಬತ್ತರ ಮೇಲೆ ಇಪ್ಪತ್ತಾರು,
ಆಮೇಲೆ ಅಪ್ಪನಿಗೂ ಸಾಕಾಗಿರಬೇಕು,
ದಪ್ಪ ಕುಂಚದಲ್ಲಿ: ಬಹಳ.

ಬಾತುಕೋಳಿ ಬೋರ್ಡಿನಲ್ಲಿ ಇನ್ನೂ ಇದೆ ದಾನಿಯ ಹೆಸರು.
ಹಿರಿಯೂರು ಬಸ್ಸಿನಲ್ಲಿ ಬುಟ್ಟಿ ಮರೆತು ಇಳಿದವರು ಯಾರೋ;
ಮೂರು ದಿನ ಡಿಪೋದಲ್ಲಿ ಕಾದು ತಾನೇ ತಂದುಕೊಟ್ಟ
ಕಂಡಕ್ಟರ್ ಕೆಂಚಪ್ಪ, ಬಿಲ್ಲೆ ಸಂಖ್ಯೆ ಸಮೇತ.
ಹೆಬ್ಬಾವಿಗೆ ದಾನಿಯಿಲ್ಲ. ಮಳೆಗಾಲದ ಒಂದು ರಾತ್ರಿ
ಚರಂಡಿ ಹಿಡಿದು ತಾನೇ ಬಂತು.
ಬಂದ ವಾರಕ್ಕೇ ಮೊಲಗಳ ಲೆಕ್ಕ ಸರಿಹೋಯಿತು.

ಸಾಯದ್ದು, ಮುದಿಯಾಗದ್ದು ಇಲ್ಲಿ ಒಂದೇ:
ಗೇಟಿನ ಬಳಿಯ ಸಿಮೆಂಟು ಮೊಸಳೆ.
ಬಾಲದ ಕಡೆ ಹತ್ತಿ ಬಾಯಲ್ಲಿ ಜಾರಿ ಬೀಳಬೇಕು.
ಮೂರು ತಲೆಮಾರಿನ ಚಡ್ಡಿ ತಿಕ್ಕಿ ನಾಲಗೆ ಕನ್ನಡಿಯಾಗಿದೆ.
ಅದರ ಹಲ್ಲಿಗೆ ಬಿಳಿ ಹಚ್ಚುವುದು ನಮ್ಮ ಮನೆತನದ ಕೆಲಸ;
ನನ್ನ ಮುಂದಿನ ಹಲ್ಲು ಮುರಿದದ್ದೂ ಅಲ್ಲೇ.

ಉಳಿದದ್ದು ಕೊನೆಯ ಪಂಜರ, ಬೇವಿನ ಮರದಡಿ.
ಅದರಲ್ಲೀಗ ಏನೂ ಇಲ್ಲ. ಒಂದು ಟೈರು, ಒಣಗಿದ ತೊಟ್ಟಿ.
'ದಾದಾಪೀರ್, ದುರಸ್ತಿಯಲ್ಲಿದೆ ಅಂತ ಬರಿ,' ಅಂದಿದ್ದಾರೆ ಸಾಹೇಬರು.
ಕೆರೆದೆ. ಜಿಂಕೆ ಹೋಯಿತು. ಮುಳ್ಳುಹಂದಿ ಹೋಯಿತು.
ತಗಡು ಕಾಣಬೇಕಿತ್ತು. ಕಂಡದ್ದು ನೀಲಿ,
ಅಪ್ಪ ಬಣ್ಣ ತಾನೇ ಅರೆದು ಕಲಸುತ್ತಿದ್ದ ಕಾಲದ ನೀಲಿ:
ಕರಡಿ. ಹೆಸರು ಸುಂದ್ರಿ. ಕುಣಿಯುವುದಿಲ್ಲ.

ಆಗ ನೆನಪಾಯಿತು ಗಾರ್ಡ್ ಬೋರಯ್ಯ ಹೇಳಿದ್ದು.
ಸಂತೆಯಲ್ಲಿ ಆಡಿಸುವವನಿಂದ ಬಿಡಿಸಿ ತಂದ ಕರಡಿ,
ಮೂಗಿನ ತೂತಿನಲ್ಲಿ ಇನ್ನೂ ಹಗ್ಗದ ಎಳೆ,
ಇರಿಸಲು ಜಾಗವಿಲ್ಲದೆ ಇದೇ ಬೇವಿಗೆ ಕಟ್ಟಿ
ಕಾಯುತ್ತ ಕೂತರೆ, ಶಾಲೆ ಬಿಟ್ಟ ಮಕ್ಕಳು ಬಂದವು
ಬೆಲ್ಲ ಹಿಡಿದು, ಸುಟ್ಟ ಶೇಂಗಾ ಹಿಡಿದು.
ಮೃಗಾಲಯ ಅಂದರೆ ಅಷ್ಟೇ ಆಗ: ಒಂದು ಮರ, ಒಂದು ಕರಡಿ,
ಟಿಕೀಟಿಲ್ಲ. ದೊಡ್ಡವರು ಮಾತ್ರ ಚಪ್ಪಾಳೆ ತಟ್ಟಿ
ಕುಣಿ ಕುಣಿ ಅನ್ನುವರು. ತಟ್ಟಿದಾಗೆಲ್ಲ
ಅದು ಹಿಂಗಾಲ ಮೇಲೆ ಏಳುತ್ತಿತ್ತಂತೆ, ನಡುಗುತ್ತ.
ಬೋರ್ಡು ಬರೆಸಿದ್ದು ಅದಕ್ಕೆ.

ದುರ್ಗದ ಗಾಳಿ. ಕೆರೆದ ಬಣ್ಣದ ಚೂರು,
ನವಿಲು ಕಿರುಬ ಜಿಂಕೆ ಒಟ್ಟಾಗಿ ಹಾರಿ
ನನ್ನ ತಲೆಯ ಮೇಲೆ ಕೂತವು.
ಮೊಸಳೆಯಿಂದ ಜಾರಿ ಬಂದವಳೊಬ್ಬಳು, ಮೊಣಕಾಲಿಗೆ ಮಣ್ಣು,
ತಗಡಿನ ಅಕ್ಷರ ಕೂಡಿಸಿ ಓದಿದಳು, ಕೊನೆಯವರೆಗೂ.
ಕಂಬಿಗೆ ಮುಖ ಒತ್ತಿ ಒಳಗೆ ನೋಡಿದಳು
ಟೈರನ್ನು, ತೊಟ್ಟಿಯನ್ನು, ಬೇವಿನ ನೆರಳನ್ನು,
ಬಹಳ ಹೊತ್ತು.
'ಹೌದಲ್ಲಾ,' ಅಂದಳು. 'ಕುಣೀತಾ ಇಲ್ಲ.'

ಕುಂಚದಲ್ಲಿ ಬಿಳಿಯಿತ್ತು.
ಎದ್ದು ಮೊಸಳೆಯ ಹಲ್ಲಿನ ಕಡೆ ನಡೆದೆ.