ಗಂಟೆ ಕಳಚುವ ವಾರ

ಬರುವ ಶನಿವಾರ ಬ್ರಿಕಾಮಾದಲ್ಲಿ
ಮತಗಟ್ಟೆಯ ಹತ್ತಿರ ಸೈಕಲ್ ಸುಳಿಯುವಂತಿಲ್ಲ.
ನಮ್ಮ ಗ್ಯಾಂಬಿಯಾದಲ್ಲಿ ವೋಟಿಗೆ ಚೀಟಿಯಿಲ್ಲ, ಒತ್ತುವ ಗುಂಡಿಯಿಲ್ಲ,
ಅಂಗೈಗೆ ಒಂದು ಗಾಜಿನ ಗೋಲಿ.
ಬಣ್ಣ ಬಳಿದ ತಗಡಿನ ಡ್ರಮ್ಮು, ಮೇಲೊಂದು ಕೊಳವೆ,
ಬಿಟ್ಟರೆ ಒಳಗೆ ಒಂದೇ ಸಲ, ಟಿಣ್.
ಹೊರಗೆ ಕೂತ ಅಧಿಕಾರಿಗೆ ಕಿವಿಯೇ ಲೆಕ್ಕದ ಪುಸ್ತಕ.
ಎರಡು ಸಲ ಟಿಣ್ ಅಂದರೆ ನೀನು ಕಳ್ಳ.

ಸೈಕಲ್ ಗಂಟೆಯೂ ಹಾಗೇ ಕೂಗುತ್ತದಲ್ಲ,
ಅದಕ್ಕೇ ಅಂದು ನನ್ನ ಅಂಗಡಿಗೆ ಬೀಗ.
ಮೂವತ್ತು ವರ್ಷ ಪಂಕ್ಚರ್ ಹಾಕಿದ್ದೇನೆ,
ದೇಶ ನನ್ನನ್ನು ಲೆಕ್ಕಕ್ಕೆ ಹಿಡಿಯುವುದು
ಐದು ವರ್ಷಕ್ಕೊಂದು ದಿನ:
‘ಸುಮ್ಮನಿರು’ ಎನ್ನುವುದಕ್ಕೆ.

ಮರುಭೂಮಿಯ ಧೂಳುಗಾಳಿ ಎದ್ದಿದೆ.
ಎದುರು ಗೋಡೆಯ ಮೇಲೆ ಆರು ಮುಖ, ಆರೂ ನಗುತ್ತಿವೆ.
ಒಬ್ಬೊಬ್ಬರೇ ಬಂದು ಗಂಟೆ ಕಳಚಿಸಿಕೊಂಡು ಹೋಗುತ್ತಾರೆ,
ಹೋಗುವ ಮುನ್ನ ಒಂದು ಮಾತು ಉದುರಿಸುತ್ತಾರೆ.

ಮೀನು ಮಾರುವ ತೀದಾ ಸಾನ್ಯಾಂಗ್ ಹೇಳುತ್ತಾಳೆ,
‘ಯಾರು ಗೆದ್ದರೂ ಬೋಂಗಾ ಮೀನಿಗೆ ಮುಳ್ಳು ಅಷ್ಟೇ ಇರುತ್ತೆ.’
ಹಾಗಾದರೆ ನೀನು ಹೋಗಲ್ವಾ?
‘ಹೋಗದೆ? ಬೆಳಗಿನ ನಮಾಜಿಗೇ ಸಾಲಲ್ಲಿ ಕಲ್ಲಿಟ್ಟು ಬರ್ತೀನಿ.’

ದರ್ಜಿ ಉಸೈನು ಎರಡು ಪಕ್ಷಕ್ಕೂ ಬಟ್ಟೆ ಹೊಲಿದ,
ಎರಡೂ ಬಾಕಿ ಇಟ್ಟಿವೆ.
ಯಾರು ಸೋಲುತ್ತಾರೋ ಅವರ ಬಾಕಿ ಮುಳುಗಿತು,
ಯಾರು ಗೆಲ್ಲುತ್ತಾರೋ ಅವರನ್ನು ಕೇಳುವ ಹಾಗಿಲ್ಲ.
ಅವನಿಗೆ ನಿದ್ದೆಯಿಲ್ಲ.

ಪಕ್ಕದ ಮನೆಯ ಹುಡುಗಿ ನ್ಯೀಮಾ, ಹದಿನೆಂಟು ತುಂಬಿ ಎರಡು ತಿಂಗಳು,
ನನ್ನ ಮಗನ ಗೋಲಿ ಇಸಕೊಂಡು
ಟೊಮೇಟೊ ಡಬ್ಬಿಗೆ ಬಿಟ್ಟು ಬಿಟ್ಟು ನೋಡುತ್ತಾಳೆ.
ಆಡುವ ವಯಸ್ಸೆಲ್ಲ ಕಳೆದ ಮೇಲೆ
ಸರ್ಕಾರ ಕೈಗೆ ಗೋಲಿ ಕೊಡುತ್ತದೆ ನೋಡು, ಅಂದೆ.
ಅವಳು ನಗಲಿಲ್ಲ.

ಕಣ್ಣು ಹೋದ ಮುದುಕ ಸಿಯಾಕಾ ಮಾತ್ರ
ಅತ್ತಾಯ ಚಹಾದ ಮೂರನೇ ಸುತ್ತಿನಲ್ಲಿ, ದನಿ ತಗ್ಗಿಸಿ:
‘ಒಂದು ಕಾಲವಿತ್ತು, ಅಂಗೈ ಬೆವರಿ ಗೋಲಿ ಜಾರುತ್ತಿತ್ತು.
ಆದರೆ ಯಾವ ಬಣ್ಣದ ಡ್ರಮ್ಮಾದರೂ ಗಂಟೆಯ ದನಿ ಒಂದೇ.
ಹೊರಗಿದ್ದವರಿಗೆ ಏನೂ ತಿಳಿಯುತ್ತಿರಲಿಲ್ಲ.
ಅಷ್ಟರಲ್ಲೇ ನಾವು ಬದುಕಿಕೊಂಡೆವು.’

ನನ್ನದೂ ಒಂದಿದೆ, ಯಾರಿಗೂ ಹೇಳಿಲ್ಲ.
ಕಳೆದ ಸಲ ನಾನು ಗೋಲಿ ಬಿಟ್ಟ ಗಳಿಗೆಯಲ್ಲೇ
ಹೊರಗೆ ಯಾರದೋ ಕತ್ತೆ ಅರಚಿತು.
ನನ್ನ ಟಿಣ್ ನನಗೆ ಕೇಳಲೇ ಇಲ್ಲ.
ಅಧಿಕಾರಿಯ ಮುಖ ನೋಡಿದೆ. ‘ಆಯ್ತು, ನಡಿ’ ಅಂದ.
ಐದು ವರ್ಷ.
ಕೊಳಾಯಿ ಒಣಗಿದಾಗ, ಅಕ್ಕಿ ಮೂಟೆಯ ಬೆಲೆ ಏರಿದಾಗ,
ಹೇಳಿದ ರಸ್ತೆ ಮಂತ್ರಿಯ ಮನೆ ತಿರುವಿಗೇ ನಿಂತಾಗ
ರಾತ್ರಿ ಮಗ್ಗುಲು ಬದಲಿಸುತ್ತ ಅಂದುಕೊಳ್ಳುತ್ತೇನೆ,
ನನ್ನದು ಇನ್ನೂ ಆ ಕೊಳವೆಯ ಗಂಟಲಲ್ಲೇ ಸಿಕ್ಕಿಕೊಂಡಿದೆಯೋ ಏನೋ.
ಮರಳಿಗೆ ಬಿದ್ದಿದ್ದರೆ ಸರಿ.
ಸೋತವನ ಡ್ರಮ್ಮಿಗೇ ಬಿದ್ದಿದ್ದರೂ ಸರಿ.

ಈ ಸಲ ಯಾರಿಗೆ? ಇನ್ನೂ ಗೊತ್ತಿಲ್ಲ.
ಆ ಆರು ನಗುವಿನಲ್ಲಿ ಒಂದನ್ನೂ ಪೂರ್ತಿ ನಂಬಲಾರೆ.
ಹೋಗುವುದಂತೂ ಹೋಗುತ್ತೇನೆ,
ಕಿವಿ ತೊಳೆದುಕೊಂಡು.

ಕಳಚಿದ ಗಂಟೆಗಳನ್ನು ಹೆಸರು ಬರೆದು
ಹಿತ್ತಿಲ ಹಗ್ಗಕ್ಕೆ ಪೋಣಿಸಿ ಇಟ್ಟಿದ್ದೇನೆ, ಐವತ್ತೋ ಅರವತ್ತೋ.
ನಡುರಾತ್ರಿ ಗಾಳಿ ಬೀಸಿತು.
ಒಂದು ಟಿಣ್ ಅಂದಿತು, ಪಕ್ಕದ್ದು, ಅದರ ಪಕ್ಕದ್ದು,
ಆಮೇಲೆ ಎಣಿಸಲಾಗಲಿಲ್ಲ.
ಸಿರಾ ಮುಸುಕಿನೊಳಗಿಂದ ಕೇಳಿದಳು,
‘ಯಾರದು, ಕತ್ತಲಲ್ಲಿ ವೋಟು ಹಾಕ್ತಿರೋದು?’