ವಡೆ ಡಬ್ಬ

ಮದುವೆ ಮುಗಿದ ಮಾರನೇ ದಿನ
ಭವನ ನಮಗೆ ಬಿಟ್ಟಿ.
ನೆಲದ ಮೇಲಿನ್ನೂ ಅಕ್ಷತೆ. ಗುಡಿಸಿ
ಕಪ್ಪು ಟೇಪು ಅಂಟಿಸಿದೆ: ಒಂದು ನೇರ, ಎರಡು ತಿರುವು,
ಕೊನೆಗೆ ಊಟದ ಮನೆಯ ಬಾಗಿಲು.

ಸ್ವರ್ಣಸಂದ್ರದ ಹನ್ನೊಂದು ಮಕ್ಕಳು,
ದೊಡ್ಡವನಿಗೆ ಎಂಟು.
ಮೋಟಾರು ಎರಡು, ಕಣ್ಣು ಎರಡು,
ಮೈಗೆ ಮದ್ದೂರು ವಡೆಯ ಡಬ್ಬ.
ಎಣ್ಣೆ ಕಲೆ ಇದ್ದಲ್ಲೇ ಹೊಟ್ಟೆಯೆಂದು
ನಿಹಾರಿಕಾ ಹೊಕ್ಕಳು ಬರೆದಳು.

ಹೊರಟಿತು. ನೇರ ದಾಟಿತು. ಮೊದಲ ತಿರುವೂ.
ಕಿಟಕಿಯ ಬಿಸಿಲು ಬಿದ್ದಲ್ಲಿಗೆ ಬಂದದ್ದೇ
ಗರಗರ ಸುತ್ತತೊಡಗಿತು,
ಬಿದ್ದ ಓಲೆಯನ್ನು ಕಾಲಲ್ಲಿ ಹುಡುಕುವ ಹಾಗೆ.

ನಾನು ಸ್ಕ್ರೂ ತಿರುವಿದೆ. ಕೋಡು ಓದಿದೆ.
ಬ್ಯಾಟರಿ ಕಿತ್ತು, ಊದಿ, ಮತ್ತೆ ಹಾಕಿದೆ.

"ಅದ್ಕೆ ಬಿಸ್ಲು ಕಣ್ಗೆ ಹೊಡೀತದೆ ಕಣ್ ಮಿಸ್ಸು,"
ಅಂದ ಅಬೂಬಕರ್. ಏಳು ವರ್ಷ,
ಅಪ್ಪನದು ಎಳನೀರ ಗಾಡಿ.
ಹೋಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತ.
ಸಾಲಲಿಲ್ಲ. ನಿಹಾರಿಕಾ ನಿಂತಳು, ಲಂಗ ಅಗಲಿಸಿ.
ತೇಜು ಜಮಖಾನೆ ಎಳೆದು ತಂದ, ಎತ್ತಲಾರದೆ ಅದರ ಮೇಲೇ ಬಿದ್ದ.
ಒಬ್ಬರ ನೆರಳಿಗೆ ಒಬ್ಬರ ನೆರಳು ಹೊಲಿಗೆ ಹಾಕಿಕೊಂಡಿತು.

ಡಬ್ಬ ತಡೆಯಿತು. ಯೋಚಿಸಿತು ಅನ್ನಲಾರೆ,
ನಾನೇ ಬರೆದ ನಲವತ್ತು ಸಾಲು, ಅದರಲ್ಲಿ ಯೋಚನೆಯಿಲ್ಲ.
ಆದರೂ ತಡೆಯಿತು.
ಆಮೇಲೆ ಗೆರೆ ಹಿಡಿದು,
ನೆಂಟರ ಮನೆಗೆ ಹೊರಟವರ ಹಾಗೆ
ಸಣ್ಣಗೆ ತೊನೆಯುತ್ತ ಹೋಯಿತು.

ಬಾಗಿಲು ಮುಟ್ಟಿತು. ಮಕ್ಕಳೆಲ್ಲ ಅತ್ತ ಓಡಿದರು.
ಅಬೂಬಕರ್ ಮಾತ್ರ ಕದಲಲಿಲ್ಲ.
"ಆಯ್ತಲ್ಲೋ, ಬಾ" ಅಂದೆ.
ಬೆವರುತ್ತ ಅಲ್ಲಿಂದಲೇ ಕೇಳಿದ:
"ವಾಪಸ್ ಬರ್ಬೇಕಲ್ಲ ಮಿಸ್ಸು?"