ನೆಲ ನೋಡಲು

ಶುಕ್ರವಾರ ಸಂಜೆ ಮನಾಮಾದ ಮಾಲಿಗೆ
ಎಲ್ಲರೂ ಅಂಗಡಿ ನೋಡಲು ಹೋದರೆ
ನಾವು ನಾಲ್ವರು ನೆಲ ನೋಡಲು ಹೋಗುತ್ತಿದ್ದೆವು.
ಸೆಕ್ಯೂರಿಟಿಯವನು ಆಚೆ ತಿರುಗಿದ್ದೇ
ಅಪ್ಪಯ್ಯ ಇಸ್ತ್ರಿ ಅಂಗಿಯ ಜೇಬಿನಿಂದ
ಗೋಲಿಯೊಂದನ್ನು ತೆಗೆದು ಮೆಲ್ಲಗೆ ಇಡುವರು.
ಇಟ್ಟಲ್ಲೇ ನಿಲ್ಲುತ್ತಿತ್ತು ಗೋಲಿ.
"ಕಾಣ್ ಹೆಣೇ." ಅಷ್ಟೇ ಮಾತು.
ಅಬ್ಬಿ ನಾಚಿ ಸೆರಗು ಸರಿಮಾಡಿಕೊಳ್ಳುವರು,
ತಮ್ಮ ಸುಕೇಶ ಐಸ್‌ಕ್ರೀಮಿಗೆ ರಾಗ ತೆಗೆಯುವನು.
ಐಸ್‌ಕ್ರೀಮ್ ಆಮೇಲೆ. ಮೊದಲು ನೆಲ.

ಉಪ್ಪುಂದದ ಶೀನ ದೇವಾಡಿಗ
ಮುಹರ್ರಕ್‌ನ ಗಲ್ಲಿಗಳಲ್ಲಿ ಬರೀ ಸೀನ್.
"ನೀನು ನಮ್ಮ ಅಕ್ಷರಮಾಲೆಯವನು" ಎಂದು
ಮುದುಕ ಅಬು ಜಾಸಿಮ್ ಸಿಮೆಂಟಿನ ಧೂಳಲ್ಲಿ
ಬೆರಳಾಡಿಸಿ ತೋರಿಸಿದನಂತೆ:
ಮೂರು ಹಲ್ಲು, ಒಂದು ಬಾಲ.
ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪಯ್ಯ
ಮತ್ತೆ ಕಲಿತದ್ದು ಅದೊಂದೇ ಅಕ್ಷರ.
ಪ್ರತಿ ಕೋಣೆಯ ಮೊದಲ ಟೈಲಿನ ಬೆನ್ನಿಗೆ
ಪೆನ್ಸಿಲಿನಲ್ಲಿ ಅದನ್ನು ಬರೆದು
ಗಾರೆಗೆ ಕೂರಿಸಿ ಒತ್ತಿಬಿಡುವರು.

ಜುಲೈ ತಿಂಗಳು. ಕರೆಂಟು ಬಾರದ ಕಟ್ಟಡದ ಒಂಬತ್ತನೇ ಮಹಡಿ.
ನೆಲ ಹಾಸುವವನು ಹಿಂದಕ್ಕೇ ನಡೆಯುತ್ತಾನೆ,
ಮಂಡಿಯೂರಿ, ಬಾಗಿಲಿನ ತನಕ.
ಕಪ್ಪಿಟ್ಟ ಆ ಮಂಡಿಗಳನ್ನು ನೋಡಿ
ಮೇಲಿನ ಮನೆಯ ಉಮ್ಮು ಖಾಲಿದ್ ಕೇಳಿದಳು,
"ಎಷ್ಟು ನಮಾಜು ಮಾಡುತ್ತೀಯಪ್ಪಾ?"
"ದಿನಕ್ಕೆ ಮೂವತ್ತು ಮೀಟರ್."
ಹರಕು ಅರಬ್ಬಿ. ಆಕೆ ನಕ್ಕು ಖರ್ಜೂರ ಕೊಟ್ಟಳು.

ಅಬ್ಬಿ ಐದಕ್ಕೇ ರಿಫಾದ ಮನೆಗೆಲಸಕ್ಕೆ ಹೊರಡುತ್ತಿದ್ದುದರಿಂದ
ನನ್ನ ಜಡೆ ಅಪ್ಪಯ್ಯನ ಪಾಲು.
ಬೈತಲೆ ನೂಲು ಹಿಡಿದ ಹಾಗೆ ನೇರ.
ಉಗುರಿನ ಬಿಳಿ ಸಿಮೆಂಟು ಕೂದಲಿಗಂಟಿ
ಹೇನೆಂದು ಟೀಚರು ಬೈದರು;
ಮರುದಿನದಿಂದ ಸೂಜಿಯಲ್ಲಿ ಉಗುರು ಕೆದಕಿಕೊಂಡೇ
ಬಾಚಣಿಗೆ ಮುಟ್ಟಿದರು.

ನಮ್ಮ ಅಡುಗೆಮನೆಗೆ ಉಳಿಕೆ ಚೂರುಗಳು.
ಹದಿನೇಳು ಬಣ್ಣ.
ಬ್ಯಾಂಕಿನ ಮೇಲೆ ಅಬ್ಬಿ ತರಕಾರಿ ಹೆಚ್ಚುವರು,
ಮೂಲೆಯ ಹೋಟೆಲಿನ ಮೇಲೆ ಗ್ಯಾಸ್ ಸಿಲಿಂಡರು,
ಯಾವುದೋ ಶೇಖ್‌ನ ಬಚ್ಚಲಿನ ಮೇಲೆ ಕೂತು
ನಾನು ಮಗ್ಗಿ ಬಾಯಿಪಾಠ ಮಾಡಿದೆ.

ಏನನ್ನೇ ಆಗಲಿ ಕುಟ್ಟಿ ನೋಡುವ ಅಭ್ಯಾಸ ಅವರಿಗೆ.
ಕರಣೆಯ ಹಿಡಿಯಿಂದ ಟೈಲು,
ಬೆರಳ ಗೆಣ್ಣಿನಿಂದ ಕಲ್ಲಂಗಡಿ,
ಪರೀಕ್ಷೆಯ ಹಿಂದಿನ ರಾತ್ರಿ ನನ್ನ ತಲೆ.
"ಟೊಳ್ಳಿಲ್ಲೆ. ಪಾಸ್."

ಹಾಗಾಗಿ ಸಲ್ಮಾನಿಯಾ ಆಸ್ಪತ್ರೆಯ ಡಾಕ್ಟರು
ಬೆನ್ನ ಮೇಲೆ ಎರಡು ಬೆರಳಿಟ್ಟು
ಮೇಲಿಂದ ಕೆಳಗೆ ಸಾಲು ಹಿಡಿದು ಕುಟ್ಟುವಾಗ
ಕಣ್ಣು ಮುಚ್ಚಿ ಆಲಿಸಿದರು.
ರಿಪೋರ್ಟಿಗೆ ಮೂರು ದಿನ ಅಂದರು.
ಇವರಿಗೆ ಅದು ಬೇಕಿರಲಿಲ್ಲ.
ಇಪ್ಪತ್ತೆಂಟು ವರ್ಷ ಕಟ್ಟರಿನ ಮುಂದೆ ಕೂತು ಕುಡಿದ ಧೂಳು
ಎಲ್ಲಿ ಎಷ್ಟು ದಪ್ಪ ಕೂತಿದೆಯೆಂದು
ಸದ್ದಿನಲ್ಲೇ ಅಳೆದುಕೊಂಡಿದ್ದರು.
ಮೆಟ್ಟಿಲಿಳಿಯುವಾಗ ನನ್ನ ಹೆಗಲು ಹಿಡಿದು,
"ಬಲಬದಿ, ಕೆಳಗಿನ ಸಾಲು," ಎಂದರು.
ಉಸಿರಿಗಾಗಿ ನಿಂತರು. ನಿಂತಲ್ಲೇ
ಆಸ್ಪತ್ರೆಯ ನೆಲದ ಸಂದು ವಾರೆಯಾದದ್ದನ್ನು
ಚಪ್ಪಲಿಯ ತುದಿಯಿಂದ ನನಗೆ ತೋರಿಸಿದರು.

ನಾಲ್ಕು ವರ್ಷವಾಯಿತು.
ಮೊನ್ನೆ ಅಬು ಜಾಸಿಮ್‌ನ ಹಳೆಯ ಮನೆ ಕೆಡವುತ್ತಿದ್ದಾರೆಂದು ಕೇಳಿ
ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ,
ಪೆನ್ಸಿಲಿನ ಮೂರು ಹಲ್ಲು ಹುಡುಕಲು.
ಮಜ್ಲಿಸಿನ ನೆಲ ಆಗಲೇ ರಾಶಿ ಬಿದ್ದಿತ್ತು,
ಬೆನ್ನಿಗೆ ಗೇಣು ಗಾರೆ ಕಚ್ಚಿಕೊಂಡು.
ಯಾವುದು ಮೊದಲನೆಯದು, ಯಾರಿಗೆ ಗೊತ್ತು.

ಢಾಕಾದ ಹುಡುಗನೊಬ್ಬ ಸುತ್ತಿಗೆಗೆ ಆತು ಕೂತು
ಸಮೂನ್ ತಿನ್ನುತ್ತಿದ್ದ. ಅಂಗೈ ತುಂಬ ಬೊಬ್ಬೆ.
ಏನು ಬೇಕೆಂದು ಕೇಳಲಿಲ್ಲ. ಸಿಕ್ಕವರ ಮುಂದೆ
ಗೊಣಗಿಕೊಳ್ಳಬೇಕಿತ್ತು ಅವನಿಗೆ, ಗೊಣಗಿದ:
"ಉಳಿದ ಕೋಣೆ ಅರ್ಧ ದಿನಕ್ಕೆ ಎದ್ದವು ದೀದಿ.
ಇದೊಂದಕ್ಕೆ ಎರಡು ದಿನ.
ಯಾವ ಹಟಮಾರಿ ಹಾಸಿದ್ದನೋ."